ನೀಲವ್ವನ ಹೆಪ್ಪು

ಮೊಸರಿಗೆ ಮನುಷ್ಯನ ಮೈಯ ಒಂದು ಗುಟ್ಟನ್ನು ಹೇಳಿಕೊಟ್ಟರೆ ಏನಾದೀತು? ಇಂದುಮತಿ ಹಂಚಿನಮನಿ ಈ ಪ್ರಶ್ನೆಯ ಬೆನ್ನು ಹತ್ತಿದಾಗ ಅವಳ ತಲೆಯಲ್ಲಿ ಇದ್ದದ್ದು ಪ್ರಯೋಗಾಲಯ ಮತ್ತು ಪ್ರೋಟೀನು, ಅಷ್ಟೇ. ಕಬಾಬು ಇರಲಿಲ್ಲ, ಪಪ್ಪಾಯಿ ಕಾಯಿ ಇರಲಿಲ್ಲ, ಅತ್ತೆಯ ಎಂಜಲಂತೂ ಇರಲೇ ಇಲ್ಲ. ಆದರೆ ಮೊಸರು ಒಂದು ಗುಟ್ಟನ್ನು ಕಲಿತ ಮೇಲೆ ಅದನ್ನು ಗಡಿಗೆಯೊಳಗೇ ಇಟ್ಟುಕೊಂಡು ಕೂಡುವುದುಂಟೇ? ಮನೆಯಿಂದ ಮನೆಗೆ ಹೋಗುವುದೇ ಹೆಪ್ಪಿನ ಜಾಯಮಾನ.

ಈ ಕಥೆ ನಡೆದ ವರ್ಷ ಇನ್ನೂ ಬಂದಿಲ್ಲ. ಅದು ಬರುವ ಹೊತ್ತಿಗೆ ಹಾಲು ಹಳತಾದರೆ ಬಾಯಿಬಿಟ್ಟು ಹೇಳುವ ಫ್ರಿಜ್ಜುಗಳು ಮನೆಮನೆಗೆ ಬಂದಿರುತ್ತವೆ. ಆದರೆ ಧಾರವಾಡದ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹೆಪ್ಪು ಕೊಡುವುದನ್ನು ಆಗಲೂ ಬಿಟ್ಟಿರುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಇಂದುಮತಿ ಕೆಲಸ ಮಾಡುತ್ತಿದ್ದದ್ದು ಊರ ಹೊರಗೆ, ಪೇರಲ ತೋಟಗಳನ್ನು ದಾಟಿದರೆ ಸಿಗುವ ಒಂದು ಸಂಶೋಧನಾ ಕೇಂದ್ರದಲ್ಲಿ. ಅಲ್ಲಿಂದ ಬಸ್ಸು ಹತ್ತಿ ಹೋಗುವಷ್ಟು ದೂರಕ್ಕೆ ನೌಕರರ ಕ್ವಾರ್ಟರ್ಸು. ಅವಳ ಗಂಡ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಕಬ್ಬು ಅರೆಯುವ ಹಂಗಾಮು ಮುಗಿಯುವವರೆಗೆ ಅವನ ಮುಖ ಕಾಣುವುದು ಫೋನಿನಲ್ಲಿ ಮಾತ್ರ. ಹಾಗಾಗಿ ಮನೆಯಲ್ಲಿ ಇರುವವರು ಇಬ್ಬರೇ, ಇಂದುಮತಿ ಮತ್ತು ಅವಳ ಅತ್ತೆ ನೀಲವ್ವ. ಮಾತಾಡುವ ಫ್ರಿಜ್ಜನ್ನು ಮಗ ತಂದಿಟ್ಟ ದಿನವೇ ನೀಲವ್ವ ಅದರ ಬಾಯಿ ಮುಚ್ಚಿಸಿದ್ದಳು. ಹಾಲಿನ ಸುದ್ದಿಯನ್ನು ತನಗೆ ಒಂದು ಕಪಾಟು ಹೇಳಬೇಕೇ ಎಂಬುದು ಅವಳ ಪ್ರಶ್ನೆ. ಅವಳ ಮೊಸರೆಂದರೆ ಇಡೀ ಕ್ವಾರ್ಟರ್ಸಿಗೆ ಮೊಸರಿನ ಮೂಲಪೀಠ. ಯಾರ ಮನೆಯ ಮೊಸರು ನೂಲು ಬಿಟ್ಟರೂ, ನೀರಾದರೂ, ವಾಟಗ ಎಂಬ ಪುಟ್ಟ ಬಟ್ಟಲು ಹಿಡಿದು ಬರುವುದು ಅವಳ ಬಾಗಿಲಿಗೇ. ನೀಲವ್ವ ಯಾರಿಗೂ ಇಲ್ಲವೆಂದವಳಲ್ಲ. ಒಂದೇ ಕಟ್ಟುನಿಟ್ಟು: ದೀಪ ಹಚ್ಚಿದ ಮೇಲೆ ಅವಳ ಮನೆಯಿಂದ ಹೆಪ್ಪು ಹೊರಗೆ ಹೋಗುತ್ತಿರಲಿಲ್ಲ.

ಈಗ ಇಂದುಮತಿಯ ಕೆಲಸದ ಬಗ್ಗೆ ಎರಡು ಮಾತು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲಿಯೂ ಕತ್ತರಿಗಳಿವೆ. ಹಳೆಯ ಪ್ರೋಟೀನುಗಳನ್ನು ತುಂಡರಿಸಿ ಹೊಸದಕ್ಕೆ ಜಾಗ ಮಾಡುವುದು ಅವುಗಳ ಕಸುಬು. ಜೀವಕೋಶ ನೆಟ್ಟಗಿರುವ ತನಕ ಅವು ತಮ್ಮ ಚೀಲಗಳಲ್ಲಿ ಸುಮ್ಮನಿರುತ್ತವೆ. ಒಳಗೇನಿದೆ ನೋಡೋಣವೆಂದು ಸಂಶೋಧಕರು ಜೀವಕೋಶವನ್ನು ಒಡೆದರೋ, ಕತ್ತರಿಗಳೆಲ್ಲ ಹೊರಬಿದ್ದು, ನೋಡಬೇಕಾದ್ದನ್ನೇ ಕಚಕಚನೆ ಕತ್ತರಿಸಿಬಿಡುತ್ತವೆ. ಸೃಷ್ಟಿಯ ಜಾಣತನ ನೋಡಿ, ಕತ್ತರಿಯ ಜೊತೆಗೆ ಅದಕ್ಕೊಂದು ಒರೆಯೂ ಇದೆ. ಅದೂ ಒಂದು ಪ್ರೋಟೀನೇ. ಕತ್ತರಿಯ ಬಾಯಿಗೆ ಹೋಗಿ ಗಟ್ಟಿಯಾಗಿ ಕೂತುಬಿಡುತ್ತದೆ. ನಮ್ಮ ರಕ್ತದಲ್ಲಿ, ಜೊಲ್ಲಿನಲ್ಲಿ, ಕಣ್ಣೀರಿನಲ್ಲಿ ಎಲ್ಲ ಕಡೆ ಇರುವಂಥದು. ಸಿಸ್ಟಾಟಿನ್ ಎಂದು ಅದರ ಹೆಸರು. ಇಂದುಮತಿ ಮನೆಯಲ್ಲಿ ಅದನ್ನು ಒರೆ ಎಂದೇ ಕರೆಯುತ್ತಿದ್ದಳು. ದೇಶದ ಪ್ರಯೋಗಾಲಯಗಳೆಲ್ಲ ಈ ಒರೆಗಾಗಿ ಪರದೇಶದ ಕಡೆ ಬಾಯಿ ತೆರೆದು ಕೂತಿದ್ದವು. ಬರುವುದು ಕಣ್ಣಹನಿಯಷ್ಟು, ಅದೂ ಹಡಗು ಹತ್ತಿ ವಿಮಾನ ಇಳಿದು ಬರುವ ಹೊತ್ತಿಗೆ ಅರ್ಧ ಕೆಟ್ಟಿರುತ್ತಿತ್ತು.

ಮನುಷ್ಯನ ಆ ಜೀನನ್ನು ಮೊಸರಿನ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ, ಹಾಲು ಕುಡಿದು ಅದೇ ಒರೆಯನ್ನು ಮಾಡಿಕೊಡಲಿಕ್ಕಿಲ್ಲವೇ? ಇದು ಇಂದುಮತಿಯ ಆಸೆ. ಮಾನವ ಜೀನು ಬೇಕೆಂದರೆ ಒಬ್ಬರು ಮನುಷ್ಯರಂತೂ ಬೇಕಲ್ಲ. ಆಗ ನೀಲವ್ವ ಒಪ್ಪಿಗೆಯ ಸಹಿ ಹಾಕಿ, ಸೊಸೆಯ ಮುಂದೆ ಬಾಯಿ ತೆರೆದು ಕೂತಿದ್ದಳು. ಇಂದುಮತಿ ಅರಳೆ ಸುತ್ತಿದ ಕಡ್ಡಿಯಿಂದ ಅವಳ ಕೆನ್ನೆಯ ಒಳಬದಿಯನ್ನು ತಿಕ್ಕಿ ತೆಗೆದಳು. ಹತ್ತಿ ತಿನ್ನಲಿಕ್ಕೆ ನಾನೇನು ದನವೇ ಎಂದು ಗೊಣಗಿ, ಬಾಯಿ ಮುಕ್ಕಳಿಸಿ, ನೀಲವ್ವ ಆ ಸಂಗತಿಯನ್ನು ಅಲ್ಲಿಗೇ ಮರೆತಳು. ಇದು ಆಗಿ ಏಳು ವರ್ಷವಾಗಿತ್ತು.

ಏಳು ವರ್ಷ ಬ್ಯಾಕ್ಟೀರಿಯಾಗಳು ಕೊಟ್ಟರೂ ಕೊಡದಂತೆ ಕೊಟ್ಟವು. ಆಮೇಲೆ ಒಂದು ದಿನ, ತಟ್ಟೆಯ ಮೇಲೆ ಬೆಳೆದ ನೂರಾರು ಚುಕ್ಕಿಗಳಲ್ಲಿ ಒಂದೇ ಒಂದು ಚುಕ್ಕಿ, ಯಾವ ಪುಣ್ಯದ ಫಲವೋ, ಉಳಿದವುಗಳ ನೂರು ಪಟ್ಟು ಒರೆಯನ್ನು ಕಕ್ಕತೊಡಗಿತು. ಪರೀಕ್ಷೆಗೆ ಅವಳು ಬಳಸುತ್ತಿದ್ದದ್ದು ಪಪೇಯಿನ್ ಎಂಬ ಕತ್ತರಿಯನ್ನು. ಬಿಳಿ ಪುಡಿ, ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಅದನ್ನು ತೆಗೆಯುವುದು ಪಪ್ಪಾಯಿ ಕಾಯಿಯ ಹಾಲಿನಿಂದ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಹೊತ್ತಿಗೆ ನೆನಪಾಗಬೇಕಲ್ಲ. ಆ ಚುಕ್ಕಿಯ ಮುಂದೆ ಪಪೇಯಿನ್ ಮೊಂಡಾಗಿ ಕೂತದ್ದನ್ನು ಕಂಡು ಇಂದುಮತಿ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದಳು.

ಅನಾಹುತಕ್ಕೆ ಕಾರಣವಾದದ್ದು ಒಂದು ಮದುವೆ. ಕೇಂದ್ರದ ನಿರ್ದೇಶಕರಾದ ವಾದಿರಾಜ ಗಲಗಲಿಯವರು ಮಗಳ ಮದುವೆಯಲ್ಲಿ ಬಂದವರಿಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟಿದ್ದರು. ಮುಚ್ಚಳದ ಮೇಲೆ ವಧೂವರರ ಹೆಸರು ಕೊರೆಸಿದ, ಗಟ್ಟಿಮುಟ್ಟಾದ ಡಬ್ಬಿ. ಕೇಂದ್ರದಲ್ಲಿ ಯಾರ ಊಟದ ಚೀಲ ತೆರೆದರೂ ಒಳಗೆ ಅದೇ ಡಬ್ಬಿ. ಇಂದುಮತಿಯ ಮನೆಗೆ ಎರಡು ಬಂದಿದ್ದವು, ಅವಳಿಗೊಂದು, ಅತ್ತೆಗೊಂದು. ಒಂದರಲ್ಲಿ ಅವಳು ಮಧ್ಯಾಹ್ನದ ಮೊಸರು ತರುತ್ತಿದ್ದಳು. ಪ್ರಯೋಗಾಲಯದ ಗಾಜಿನ ಜಾಡಿಗಳು ಹಬೆಯ ಕುಕ್ಕರಿನಲ್ಲಿ ಸಾಲಾಗಿ ಬಿರುಕುಬಿಟ್ಟಾಗ, ಸ್ಟೀಲಾದರೆ ಬಿರಿಯುವ ಭಯವಿಲ್ಲವೆಂದು ಇನ್ನೊಂದನ್ನು ಕೆಲಸಕ್ಕೆ ಇಳಿಸಿದಳು. ಆ ಅಪರೂಪದ ಚುಕ್ಕಿ ಹಾಲು ಕುಡಿದು ಗಟ್ಟಿಯಾಗಿ ಕೂತದ್ದು ಇದೇ ಎರಡನೆಯ ಡಬ್ಬಿಯಲ್ಲಿ. ಅಂಟಿಸಿದ ಚೀಟಿ ಹಬೆಗೆ ಕಳಚಿ ಬಿದ್ದುಹೋಗಿತ್ತು. ಪ್ರಯೋಗಾಲಯದ ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥ ಇಡಕೂಡದೆಂಬ ನಿಯಮ ಗೋಡೆಯ ಮೇಲಿತ್ತು. ನಿಯಮ ಗೋಡೆಯ ಮೇಲೆ, ಊಟದ ಡಬ್ಬಿ ಫ್ರಿಜ್ಜಿನೊಳಗೆ, ಎಲ್ಲರದೂ ಅದೇ ರೂಢಿ.

ಊಟದ ಡಬ್ಬಿ ತೆರೆಯಲೂ ಬಿಡುವಾಗದ ಒಂದು ದಿನ, ಸಂಜೆ ಕೇಂದ್ರದ ಬಸ್ಸು ಹಾರ್ನು ಹೊಡೆಯುತ್ತಿರುವಾಗ ಇಂದುಮತಿ ಅವಸರದಲ್ಲಿ ಒಂದು ಡಬ್ಬಿಯನ್ನು ಚೀಲಕ್ಕೆ ತುರುಕಿಕೊಂಡು ಓಡಿದಳು. ಮರುದಿನ ಬಂದು ಉಳಿದ ಡಬ್ಬಿಯಲ್ಲಿದ್ದದ್ದನ್ನು ಚಿಕ್ಕ ಕೊಳವೆಗಳಿಗೆ ತುಂಬಿ, ಹೆಪ್ಪುಗಟ್ಟುವ ಚಳಿಯಲ್ಲಿ ಭದ್ರಮಾಡಿದಳು. ಮನೆಗೆ ಹೋದ ಡಬ್ಬಿಯಲ್ಲಿ ಸೊಸೆ ಮೊಸರನ್ನು ಮುಟ್ಟದೆ ಹಾಗೇ ತಂದಿದ್ದಾಳೆಂದು ನೀಲವ್ವ ಬೈದಳು, ಬೈದು ಅದನ್ನೇ ಆ ದಿನದ ಹಾಲಿಗೆ ಹೆಪ್ಪು ಹಾಕಿದಳು. ಒಂದು ಚಮಚ ಮೊಸರನ್ನು ಮೋರಿಗೆ ಚೆಲ್ಲುವ ಕುಲದವಳಲ್ಲ ಅವಳು.

ಅಲ್ಲಿಂದ ಮನೆಯಲ್ಲಿ ಸುಭಿಕ್ಷವೋ ಸುಭಿಕ್ಷ. ಚಾಕುವಿನಿಂದ ಕೊಯ್ಯುವಂಥ ಮೊಸರು. ವಾರ ಇಟ್ಟರೂ ಕಹಿಯಾಗದು. ಮೊಸರು ಹಳತಾದಂತೆ ಪ್ರೋಟೀನು ತುಂಡಾಗಿ ಕಹಿ ಬರುವುದು. ತುಂಡರಿಸುವ ಕತ್ತರಿಗೇ ಒರೆ ಬಿದ್ದಿದ್ದರೆ ಕಹಿ ಎಲ್ಲಿಂದ ಬರಬೇಕು? ನೀಲವ್ವ ಇದೆಲ್ಲ ತನ್ನ ಕೈಗುಣ ಎಂದುಕೊಂಡಳು, ಕೇಳಿದವರಿಗೂ ಹಾಗೆಯೇ ಹೇಳಿದಳು. ವಾಟಗಗಳು ಸಾಲುಗಟ್ಟಿದವು. ಒಂದು ತಿಂಗಳು ಕಳೆಯುವಷ್ಟರಲ್ಲಿ ಕ್ವಾರ್ಟರ್ಸಿನ ಮನೆಮನೆಯಲ್ಲೂ ಹಂಚಿನಮನಿಯವರ ಹೊಸ ಹೆಪ್ಪು ನೆಲೆಸಿತ್ತು.

ಕಷ್ಟಕ್ಕೆ ಬಂದದ್ದು ಎದುರುಮನೆಯ ಜುಲೇಖಾ ಒಬ್ಬಳಿಗೇ. ಅವಳ ಗಂಡ ದಾದಾಪೀರ ಕೇಂದ್ರದ ಬಸ್ಸಿನ ಡ್ರೈವರು. ಶುಕ್ರವಾರ ಜುಲೇಖಾ ಮಾಡುವ ಕಬಾಬಿಗೆ ಆ ಬೀದಿಯಲ್ಲಿ ಕಾದು ಕೂಡುವವರಿದ್ದರು. ಮಟನ್ನಿಗೆ ಮೊಸರು, ಮಸಾಲೆ, ಅರೆದ ಪಪ್ಪಾಯಿ ಕಾಯಿ ಹಚ್ಚಿ ನೆನೆಹಾಕಿದರೆ ಅದು ತುಟಿಯಲ್ಲೇ ಕರಗಬೇಕು. ಈಗ ಹಲ್ಲಿಗೂ ಜಗ್ಗದು. ಅವಳು ಮೊದಲು ಕಟುಕರವನ ಜೊತೆ ಜಗಳ ಮಾಡಿದಳು, ಆಮೇಲೆ ಪಪ್ಪಾಯಿಯವಳ ಜೊತೆ, ಕೊನೆಗೆ ಗಂಡನ ಜೊತೆ. ಬಸ್ಸಿನ ಟಾಯರು ಸವೆದರೆ ಇದನ್ನೇ ಹಾಕಬಹುದೆಂದು ದಾದಾಪೀರ ನಕ್ಕದ್ದು ಅವಳಿಗೆ ಮಾತ್ರ ನಗೆಯಾಗಿ ಕಾಣಲಿಲ್ಲ.

ಅದೇ ಹೊತ್ತಿಗೆ ಪ್ರಯೋಗಾಲಯದಲ್ಲಿ ಇಂದುಮತಿಯೂ ಹಣೆ ಚಚ್ಚಿಕೊಳ್ಳುತ್ತಿದ್ದಳು. ಭದ್ರಮಾಡಿದ ಕೊಳವೆಯಿಂದ ತೆಗೆದು ಎಷ್ಟು ಸಲ ಬೆಳೆಸಿದರೂ ಒರೆಯ ಸುಳಿವಿಲ್ಲ. ಪಪೇಯಿನ್ ಕತ್ತರಿ ಯಾರ ಹಂಗೂ ಇಲ್ಲದೆ ಕತ್ತರಿಸುತ್ತಿತ್ತು. ಮುಂದಿನ ಸೋಮವಾರ ದಿಲ್ಲಿಯಿಂದ ಪರಿಶೀಲನಾ ಸಮಿತಿ ಬರುವುದಿತ್ತು. ಒರೆ ತೋರಿಸಿದರೆ ಯೋಜನೆ ಉಳಿಯುತ್ತದೆ, ಇಲ್ಲವಾದರೆ ಏಳು ವರ್ಷಕ್ಕೆ ಅಲ್ಲಿಗೇ ಮಂಗಳಾರತಿ. ಅವಳ ಕೋಣೆಯನ್ನು ಯಾರಿಗೆ ಕೊಡಬೇಕೆಂಬ ಮಾತು ಕಾರಿಡಾರಿನಲ್ಲಿ ಆಗಲೇ ಹೊರಟಿತ್ತು.

ಆ ಶುಕ್ರವಾರ ಇಂದುಮತಿ ಮನೆಯಲ್ಲಿಲ್ಲದಾಗ ಜುಲೇಖಾ ಎರಡು ತಟ್ಟೆ ಹಿಡಿದು ನೀಲವ್ವನ ಬಾಗಿಲಿಗೆ ಬಂದಳು. ನೀಲವ್ವ ಮಾಂಸ ತಿನ್ನುವವಳಲ್ಲ, ಆದರೆ ಮುಟ್ಟದೆಯೂ ನೋಡಬಹುದಲ್ಲ. ಒಂದು ತಟ್ಟೆಯ ಕಬಾಬನ್ನು ಜುಲೇಖಾ ಎರಡು ಬೆರಳಲ್ಲಿ ಹಿಂಡಿದರೆ ಪುಡಿಯಾಯಿತು. ಇನ್ನೊಂದನ್ನು ಹೊಸ್ತಿಲಿಗೆ ಕುಟ್ಟಿದರೆ ಸಪ್ಪಳವಾಯಿತು.

“ಯವ್ವಾ, ಸಿಟ್ಟಾಗಬ್ಯಾಡ್ರಿ. ಖಂಡ ಅದಽ, ಪಪ್ಪಾಯಿ ಅದಽ, ಕೈ ನಂದಽ. ಹುಬ್ಬಳ್ಯಾಗ ನಮ್ಮವ್ವನ ಮಸರಿನಾಗ ನೆನಸಿದ್ದು ಬೆಣ್ಣಿ ಆತು. ನಿಮ್ಮ ಮಸರಿನಾಗ ನೆನಸಿದ್ದು ಚಪ್ಪಲಿ ಆಗೇತಿ.”

ನೀಲವ್ವನ ಮುಖ ಕೆಂಪಾಯಿತು. “ನನ್ನ ಹೆಪ್ಪು ಖಂಡದ ಮಾರಿ ನೋಡಿದ್ದಲ್ಲ, ಖಂಡದ ಸುದ್ದಿಗೆ ಹೋದದ್ದಲ್ಲ. ಅದರ ಮ್ಯಾಲ ಯಾಕ ಹಾಕ್ತೀಯವಾ?” ಎಂದಳು. ಮಾತಿಗೆ ಮಾತು ಬೆಳೆಯಲಿಲ್ಲ, ಅದೇ ಕಷ್ಟ. ಬೆಳೆದಿದ್ದರೆ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ನೀಲವ್ವ ಸುಮ್ಮನೆ ಒಳಗೆ ಹೋದಳು. ಜುಲೇಖಾಳ ಕೈಯಿಂದಲೇ ಹುಬ್ಬಳ್ಳಿಯ ಹೆಪ್ಪು ತರಿಸಿಕೊಂಡಳು, ತನ್ನ ಗಡಿಗೆಯ ಮೊಸರನ್ನು ಹಿಂದಿನ ಓಣಿಯ ಗೌಳಿಗರ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದಳು, ಗಡಿಗೆಯನ್ನು ಬೂದಿ ಹಚ್ಚಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಅಷ್ಟಕ್ಕೇ ಬಿಡಲಿಲ್ಲ. ನೀಲವ್ವನ ಹೆಪ್ಪಿನಿಂದ ಯಾರದೋ ಅಡಿಗೆ ಕೆಟ್ಟಿತೆಂಬ ಮಾತು ಬರಬಾರದು, ಇದ್ದಬದ್ದದ್ದನ್ನೆಲ್ಲ ಚೆಲ್ಲಿರಿ ಎಂದು ಮನೆಮನೆಗೆ ತಾನೇ ಹೋಗಿ ಹೇಳಿ ಬಂದಳು.

ರಾತ್ರಿಯ ಊಟಕ್ಕೆ ಕೂತಾಗ ಇಂದುಮತಿ ಈ ಪುರಾಣವನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಖಂಡ ಮೆತ್ತಗಾಗಲಿಲ್ಲ, ಪಪ್ಪಾಯಿ ಕೆಲಸ ಮಾಡಲಿಲ್ಲ ಎಂಬಲ್ಲಿಗೆ ಬಂದಾಗ ತುತ್ತು ಕೈಯಲ್ಲೇ ನಿಂತಿತು. ಪಪ್ಪಾಯಿ. ಪಪೇಯಿನ್. ಕತ್ತರಿಗೆ ಒರೆ. ಒಂದೇ ಜಾತಿಯ ಎರಡು ಡಬ್ಬಿಗಳು ಅವಳ ಕಣ್ಣ ಮುಂದೆ ಬಂದು ಜಾಗ ಬದಲಿಸಿಕೊಂಡವು.

“ಅತ್ತಿ, ಆ ಮಸರ ಈಗ ಎಲ್ಲೈತಿ?”

“ಎಮ್ಮೀ ಹೊಟ್ಯಾಗ,” ಎಂದಳು ನೀಲವ್ವ, ಸಮಾಧಾನದಿಂದ.

ಮರುದಿನ ಬೆಳಿಗ್ಗೆ ಇಂದುಮತಿ ತನ್ನ ಕೊಳವೆಗಳಲ್ಲಿ ಒಂದನ್ನು ಕರಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಡ್ಡಿಯಂಥವು, ಮಣಿಸರದಂಥವು, ಹತ್ತು ಜಾತಿಯ ಬ್ಯಾಕ್ಟೀರಿಯಾಗಳು ಸಂತೆ ಕೂಡಿದಂತೆ ಕೂಡಿದ್ದವು. ಪಕ್ಕಾ ಮನೆಯ ಮೊಸರು. ಅವಳು ಇಷ್ಟು ದಿನ ಜೀವದಂತೆ ಕಾಪಾಡಿದ್ದು ಅತ್ತೆಯ ಹೆಪ್ಪನ್ನು. ಅತ್ತೆ ಕಾಪಾಡಿದ್ದು ಇವಳ ಏಳು ವರ್ಷವನ್ನು. ಈಗ ಅದು ಎಮ್ಮೆಯ ಪಾಲು. ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಹೆದರಿಕೆ ಬಂತು. ಹೊಸ ಜೀನು ಹೊತ್ತ ಜೀವಿ ಪ್ರಯೋಗಾಲಯದ ಹೊಸ್ತಿಲು ದಾಟಕೂಡದು, ಅದು ಸಂಶೋಧಕರ ಮೊದಲ ಪಾಠ. ಇವಳದು ಬಸ್ಸು ಹತ್ತಿ ಮನೆಗೆ ಹೋಗಿ ಊರಿನ ಊಟಕ್ಕೆ ಕೂತಿತ್ತು. ಒರೆಯಿಂದ ಯಾರಿಗೂ ಕೇಡಿಲ್ಲವೆಂದು ಅವಳು ಬಲ್ಲಳು. ನಮ್ಮ ಜೊಲ್ಲಿನಲ್ಲಿ ಮೊದಲೇ ಇರುವಂಥದು, ಹೊಟ್ಟೆಗಿಳಿದರೆ ಅನ್ನದಂತೆ ಅರಗುವಂಥದು. ಆದರೂ ತಪ್ಪು ತಪ್ಪೇ. ನಿರ್ದೇಶಕರಿಗೆ ಹೇಳಲೇಬೇಕು. ಬರಿಗೈಯಲ್ಲಿ ಹೋಗಿ ಹೇಳುವುದೋ, ಕಳೆದದ್ದನ್ನು ಹುಡುಕಿಕೊಂಡು ಹೋಗಿ ಹೇಳುವುದೋ ಎಂಬುದಷ್ಟೇ ಉಳಿದ ಪ್ರಶ್ನೆ.

ಶನಿವಾರವಿಡೀ ಅವಳು ವಾಟಗ ಹಿಡಿದು ಮನೆಮನೆ ತಿರುಗಿದಳು. ಕೊಡುವ ಮನೆತನದ ಸೊಸೆ ಬೇಡಲು ಬಂದದ್ದು ಕಂಡು ಎಲ್ಲರಿಗೂ ಅಚ್ಚರಿ. ಅಕೌಂಟಂಟರ ಮನೆಯಲ್ಲಿ ಹಳೆಯ ಮೊಸರೆಲ್ಲ ಮಜ್ಜಿಗೆ ಸಾರಾಗಿ ಕುದಿದುಹೋಗಿತ್ತು. ಹಾಸ್ಟೆಲ್ಲಿನ ಅಡಿಗೆಯವರು ಪಾತ್ರೆಯನ್ನು ಕುದಿನೀರಲ್ಲಿ ತೊಳೆದಿಟ್ಟಿದ್ದರು. ಮಾಲಿಯ ಹೆಂಡತಿ ಗಡಿಗೆಯನ್ನೇ ಒಡೆದುಹಾಕಿದ್ದಳು. ನೀಲವ್ವನ ಮಾತು ಮೀರುತ್ತೇವೆಯೇ ಎಂದು ಒಬ್ಬೊಬ್ಬರೂ ಹೆಮ್ಮೆಯಿಂದ ಹೇಳಿದರು. ಇಂದುಮತಿ ಹಲ್ಲು ಕಿರಿದು ಭೇಷ್ ಎಂದಳು. ಒಳಗೆ ಜೀವ ಹಿಡಿಯಾಗಿತ್ತು.

ಕೊನೆಗೆ ಅವಳು ಜುಲೇಖಾಳ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು, ಡಬ್ಬಿ, ಒರೆ, ಪಪ್ಪಾಯಿ, ಸೋಮವಾರ ಬರುವ ಸಮಿತಿ. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜುಲೇಖಾಳಿಗೆ ಮೊದಲು ತನ್ನ ಕೈಯದೇನೂ ತಪ್ಪಿಲ್ಲವೆಂದು ಎದೆ ಹಗುರಾಯಿತು, ಮರುಕ್ಷಣ ತಾನು ಆಡಿದ ಮಾತಿನಿಂದಲೇ ಇದೆಲ್ಲ ಆಯಿತೆಂದು ಎದೆ ಭಾರವಾಯಿತು. ಅವಳೂ ತನ್ನ ಗಡಿಗೆಯನ್ನು ತೊಳೆದಿದ್ದಳು. ಸೆರಗಿನ ಅಂಚನ್ನು ತಿರುವುತ್ತ ಮೆಲ್ಲಗೆ ಹೇಳಿದಳು.

“ಒಂದು ಮನೀ ಐತ್ರಿ ಅಕ್ಕಾರ. ನೀಲವ್ವಾರು ಅಲ್ಲಿಗೆ ಹೋಗಿ ಚೆಲ್ಲರಿ ಅಂದಿಲ್ಲ, ಯಾಕಂದ್ರ ಅಲ್ಲಿಗೆ ಹೆಪ್ಪು ಹೋದದ್ದು ಅವರಿಗೆ ಗೊತ್ತಽ ಇಲ್ಲ. ನಾ ಕೊಟ್ಟೀನಿ. ಯಾರಿಗೂ ಹೇಳೂದಿಲ್ಲ ಅಂತ ಮಾತೂ ಕೊಟ್ಟೀನಿ.”

ಕೊಟ್ಟ ಮಾತು ಮುರಿಯಲು ಅವಳು ಸಿದ್ಧಳಿರಲಿಲ್ಲ. ಹೆಸರನ್ನು ಬಾಯಲ್ಲಿ ಹೇಳಲಿಲ್ಲ. ಎದ್ದು, ಒಳಗಿಂದ ಒಂದು ಪಪ್ಪಾಯಿ ಕಾಯಿ ತಂದು ಚೀಲಕ್ಕೆ ಹಾಕಿಕೊಂಡು, ತಾನೇ ಕೇಳಿ ನೋಡುತ್ತೇನೆ, ಹಿಂದೆ ಬನ್ನಿ ಎಂದಳು. ಇಬ್ಬರೂ ಪೇರಲ ಬೇಲಿಯ ಗುಂಟ ನಡೆದು ಹೋಗಿ ಒಂದು ದೊಡ್ಡ ಮನೆಯ ಹಿತ್ತಲ ಬಾಗಿಲಿಗೆ ನಿಂತರು. ಅದು ನಿರ್ದೇಶಕ ಗಲಗಲಿಯವರ ಮನೆ.

ಗಲಗಲಿಯವರ ಹೆಂಡತಿ ಕೃಷ್ಣಾಬಾಯಿಯವರ ಮಡಿ ಕ್ವಾರ್ಟರ್ಸಿನಲ್ಲಿ ಗಾದೆಯಾಗಿತ್ತು. ಹೊರಗಿನ ಮನೆಯ ಒಂದು ತೊಟ್ಟು ನೀರೂ ಅವರ ಅಡಿಗೆಮನೆಗೆ ಬರುತ್ತಿರಲಿಲ್ಲ. ಆದರೆ ಗಲಗಲಿಯವರು ಒಂದು ದಿನ ಕ್ಯಾಂಟೀನಿನಲ್ಲಿ ಯಾರದೋ ಡಬ್ಬಿಯಿಂದ ನೀಲವ್ವನ ಮೊಸರಿನ ರುಚಿ ನೋಡಿ, ಮನೆಗೆ ಬಂದು ಅದನ್ನೇ ಹೊಗಳುತ್ತ ಕೂತರು. ಗಂಡ ಬೇರೆಯವರ ಮೊಸರು ಹೊಗಳಿದರೆ ಯಾವ ಹೆಂಗಸಿಗೆ ತಡೆದೀತು? ನೀಲವ್ವನನ್ನು ಕೇಳಿದರೆ ಊರಿಗೇ ಗೊತ್ತಾಗುತ್ತದೆ. ಜುಲೇಖಾಳ ಬಾಯಿ ಗಟ್ಟಿ. ಊರೆಲ್ಲ ಮಲಗಿದ ಒಂದು ಮಧ್ಯಾಹ್ನ ಕೃಷ್ಣಾಬಾಯಿ ಸೆರಗಿನಲ್ಲಿ ಬೆಳ್ಳಿ ಬಟ್ಟಲು ಮುಚ್ಚಿಕೊಂಡು ಅವಳ ಹಿತ್ತಲಿಗೆ ಬಂದಿದ್ದರು. ಹಾಲು ಮೊಸರಿಗೆ ಮೈಲಿಗೆ ಇಲ್ಲವೆಂದು ತಮಗೆ ತಾವೇ ಹೇಳಿಕೊಂಡಿದ್ದರಂತೆ.

ಜುಲೇಖಾ ಹಿತ್ತಲಲ್ಲಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಕೃಷ್ಣಾಬಾಯಿ ಇಂದುಮತಿಯ ಅತ್ತು ಕೆಂಪಾದ ಮುಖವನ್ನು ನೋಡಿದರು, ಒಳಗೆ ಹೋದರು, ಮುಚ್ಚಿದ ಒಂದು ಗಡಿಗೆ ತಂದು ಹಿತ್ತಲ ಪಡಸಾಲೆಯ ಮೇಲೆ ಇಟ್ಟರು. ಅದನ್ನು ಹಿಡಿದು ಓಡಿಹೋಗಬಹುದಿತ್ತು. ಒಳಗೆ ಗಲಗಲಿಯವರು ಊಟಕ್ಕೆ ಕೂತ ಸಪ್ಪಳ ಕೇಳಿಸುತ್ತಿತ್ತು. ಕೇಂದ್ರದ ಜೈವಿಕ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು. ಇಂದುಮತಿ ಗಡಿಗೆಯನ್ನು ಮುಟ್ಟಲಿಲ್ಲ. ಮೊದಲು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು.

ಗಲಗಲಿಯವರ ಕೈ ಬಾಯಿಯ ಹತ್ತಿರಕ್ಕೆ ಬಂದು ನಿಂತಿತು. ತಟ್ಟೆಯಲ್ಲಿ ಬೆಳ್ಳಗೆ ಮೊಸರನ್ನ.

“ಅಂದರ, ಇಷ್ಟ ದಿವಸ ನಾ ಉಣ್ಣಲಿಕ್ಕೆ ಹತ್ತಿದ್ದು...”

“ನನ್ನ ಪ್ರಾಜೆಕ್ಟು, ಸರ್.”

ಅವರು ತುತ್ತನ್ನು ತಟ್ಟೆಗೆ ಇಳಿಸಿದರು, ಕೈ ತೊಳೆದು ಹೊರಗೆ ಬಂದರು. ಇಂದುಮತಿ ಪರೀಕ್ಷೆಗೆ ಕೂತಳು. ಪ್ರಯೋಗಾಲಯದವರೆಗೆ ಹೋಗುವ ವ್ಯವಧಾನ ಯಾರಿಗೂ ಇರಲಿಲ್ಲ. ಜುಲೇಖಾ ಪಪ್ಪಾಯಿ ಕಾಯಿಗೆ ಗೀರು ಹಾಕಿ ಅದರ ಹಾಲನ್ನು ಹಿಡಿದುಕೊಟ್ಟಳು. ಇಂದುಮತಿ ಆಕಳ ಹಾಲಿನ ಎರಡು ಬಟ್ಟಲು ಇಟ್ಟು, ಒಂದಕ್ಕೆ ಆ ಗಡಿಗೆಯ ಮೊಸರಿನ ತಿಳಿಯನ್ನು ಹುಳಿ ಮುರಿಯುವಷ್ಟು ಅಡಿಗೆ ಸೋಡಾ ಬೆರೆಸಿ ಹಾಕಿದಳು. ಎರಡಕ್ಕೂ ಪಪ್ಪಾಯಿ ಹಾಲನ್ನು ಹನಿಸಿದಳು. ಬರೀ ಹಾಲಿದ್ದ ಬಟ್ಟಲು ನೋಡನೋಡುತ್ತ ಒಡೆದು ಗಟ್ಟಿಗಟ್ಟಿಯಾಯಿತು. ಮೊಸರಿನ ತಿಳಿ ಬಿದ್ದ ಬಟ್ಟಲಲ್ಲಿ ಹಾಲು ಹಾಲಾಗಿಯೇ ಇತ್ತು. ಸ್ವಲ್ಪ ಹೊತ್ತು ಕಾದರು. ಆಗಲೂ ಹಾಲೇ. ಇಂದುಮತಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಗಳಗಳನೆ ಅತ್ತುಬಿಟ್ಟಳು, ಇಷ್ಟು ಸಂತೋಷವನ್ನು ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಗಲಗಲಿಯವರು ಅಡಿಗೆಮನೆಯ ಕಟ್ಟೆಯ ಮೇಲಿದ್ದ ಡಬ್ಬಿಗಳ ಸಾಲನ್ನು ನೋಡುತ್ತಿದ್ದರು. ಎಲ್ಲದರ ಮುಚ್ಚಳದ ಮೇಲೂ ಮಗಳ ಹೆಸರು.

“ಈ ಡಬ್ಬಿ ಆರಿಸಿದಾಂವ ನಾನಽ,” ಎಂದರು. “ಎಲ್ಲಾರಿಗೂ ಒಂದಽ ನಮೂನಿ ಇರಲಿ, ಭೇದ ಬ್ಯಾಡ ಅಂದಿದ್ದೆ. ವರದಿ ಬರೀತೀನಿ. ತಪ್ಪಿನ ಯಾದಿಯೊಳಗ ಮೊದಲನೇ ಹೆಸರು ನಿಮ್ಮದು, ಎರಡನೇದು ನಂದು. ನಾಳೆ ನೀವಽ ನಿಂತು ಕ್ವಾರ್ಟರ್ಸಿನ ಮಂದಿಗೆಲ್ಲ ಹೇಳಬೇಕು. ಒಂದು ಮಾತೂ ಮುಚ್ಚಬಾರದು.”

ಹೀಗೆ ರವಿವಾರ ಸಭಾಭವನದಲ್ಲಿ ಎಲ್ಲರೂ ಸೇರಿದರು. ಕೇಂದ್ರದ ಡಾಕ್ಟರು ಬೆಳಗಿನಿಂದ ಎಲ್ಲರನ್ನೂ ಪರೀಕ್ಷಿಸಿ, ಯಾರಿಗೂ ಏನೂ ಆಗಿಲ್ಲ, ಒಂದಿಬ್ಬರು ದಪ್ಪಗಾಗಿದ್ದಾರೆ, ಅದು ಮೊಸರಿನ ಗುಣವೇ ಹೊರತು ಒರೆಯದಲ್ಲ ಎಂದಿದ್ದರು. ಇಂದುಮತಿ ಮೈಕಿನ ಮುಂದೆ ನಿಂತು ಕತ್ತರಿ, ಒರೆ, ಡಬ್ಬಿ ಎಲ್ಲ ಹೇಳಿದಳು. ಕ್ಷಮೆ ಕೇಳಿದಳು. ಉಳಿದ ಗಡಿಗೆಗಳನ್ನು ಪ್ರಯೋಗಾಲಯದವರೇ ಬಂದು ಕುದಿಸಿಕೊಡುತ್ತಾರೆಂದಳು. ಜನ ಸಿಟ್ಟಾಗುತ್ತಾರೆಂದು ಅವಳು ಅಂದುಕೊಂಡಿದ್ದಳು. ಸ್ವಲ್ಪ ಗುಜುಗುಜು ಆಯಿತು, ಹೆಚ್ಚಿನವರಿಗೆ ಆ ಮೊಸರು ಹೋಯಿತಲ್ಲ ಎಂಬುದೇ ಸಂಕಟ. ಆಗ ಅಕೌಂಟಂಟರ ಹೆಂಡತಿ ಎದ್ದು ನಿಂತು, ಮನುಷ್ಯರ ಪ್ರೋಟೀನು ಅಂದರೆ ಯಾವ ಮನುಷ್ಯರದು ಎಂದು ಕೇಳಿದಳು.

ಹೆಸರು ಹೇಳುವಂತಿಲ್ಲ ಎಂದು ಇಂದುಮತಿ ಶುರುಮಾಡಿದ್ದಳಷ್ಟೇ. ನಡುವಿನ ಸಾಲಿನಲ್ಲಿ ನೀಲವ್ವ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಎದ್ದಳು. ಏಳು ವರ್ಷದ ಹಿಂದಿನ ಹತ್ತಿಯ ರುಚಿ ಅವಳ ಬಾಯಿಗೆ ತಿರುಗಿ ಬಂದಿತ್ತು.

“ನನ್ನ ಬಾಯಾಗ ತಿಕ್ಕಿ ತಗದದ್ದು ಅದಽ ಏನವಾ ಇಂದೂ?”

ಇಂದುಮತಿ ಸುಳ್ಳು ಹೇಳಲಾರದೆ ತಲೆ ಬಗ್ಗಿಸಿದಳು.

ನೀಲವ್ವನ ಮುಖ ಬಿಳಿಚಿತು. ನೈವೇದ್ಯದ ಮುಂಚೆ ಉಪ್ಪು ಸಹ ನೋಡದವಳು, ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಮುಟ್ಟಿದರೆ ಕೈ ತೊಳೆಸುವವಳು ಅವಳು. “ಹಂಗಾರ ಇಷ್ಟ ಮಂದಿಗೆ ನನ್ನ ಎಂಜಲ ತಿನಿಸಿದಂಗಾತಲ್ಲ,” ಎಂದು ಅವಳು ಹೇಳಿದ್ದು ಪಿಸುಮಾತಿನಲ್ಲಿ, ಆದರೆ ಆ ಸಭೆಯಲ್ಲಿ ಅದು ಕೇಳದವರಿರಲಿಲ್ಲ. ಎಂಜಲಲ್ಲ, ಬ್ಯಾಕ್ಟೀರಿಯಾ ನೋಡಿ ನಕಲು ಮಾಡಿದ್ದು ಎಂದು ಇಂದುಮತಿ ವಿವರಿಸಲು ಹೋದಳು. ವಿಜ್ಞಾನದ ಆ ಮಾತು ನೀಲವ್ವನ ಕಿವಿಗೆ ಇಳಿಯುವ ಹಾಗಿರಲಿಲ್ಲ. ಜನರ ಕಣ್ಣೆಲ್ಲ ತಾವಾಗಿಯೇ ಮುಂದಿನ ಸಾಲಿಗೆ, ಕೃಷ್ಣಾಬಾಯಿಯವರ ಕಡೆಗೆ ತಿರುಗಿದವು. ಮಡಿಯ ವಿಷಯಕ್ಕೆ ಅವರೇ ಅಲ್ಲಿನ ಸುಪ್ರೀಂ ಕೋರ್ಟು.

ಕೃಷ್ಣಾಬಾಯಿ ಎದ್ದು ನೀಲವ್ವ ನಿಂತಲ್ಲಿಗೇ ಹೋದರು.

“ನೀಲವ್ವಾರ, ಕೂಸಿಗೆ ಉಣಸೂಮುಂದ ತಾಯಿ ಅನ್ನ ಬಿಸಿ ಅದ ಏನು ಅಂತ ಮೊದಲ ತನ್ನ ತುಟಿಗೆ ಹಚ್ಚಿ ನೋಡತಾಳ. ಆ ತುತ್ತಿಗೆ ಎಂಜಲ ಅಂತ ಯಾರರೆ ಅಂದದ್ದು ಕೇಳೀರೇನು? ನಿಮ್ಮ ಹೆಪ್ಪು ನಮ್ಮನಿಗೂ ಬಂದದ. ಜುಲೇಖಾನ ಹಿತ್ತಲದಿಂದ ಕದ್ದು ತಂದು ಉಂಡೀನಿ. ತಪ್ಪಾಗಿದ್ದು ಉಂಡದ್ದಲ್ಲ, ಕದ್ದು ತಂದದ್ದು.”

ನೀಲವ್ವ ಅವರ ಕೈ ಹಿಡಿದುಕೊಂಡಳು. ಇಷ್ಟು ದಿನ ತಾನು ಕೈಗುಣ ಅಂದುಕೊಂಡದ್ದು ಬಾಯಿಗುಣವಾಯಿತಲ್ಲ ಎಂದು ಆಮೇಲೆ ಅವಳೇ ನಕ್ಕಳು, ಸಭೆಯೂ ನಕ್ಕಿತು.

ಸೋಮವಾರ ದಿಲ್ಲಿಯ ಸಮಿತಿ ವರದಿಯನ್ನು ಓದಿ ಇಂದುಮತಿಯನ್ನೂ ಗಲಗಲಿಯವರನ್ನೂ ಸಾಲಾಗಿ ನಿಲ್ಲಿಸಿ ಚೆನ್ನಾಗಿ ಬೈದಿತು. ಆಮೇಲೆ ಕೃಷ್ಣಾಬಾಯಿಯವರ ಗಡಿಗೆಯಿಂದ ಶುದ್ಧಮಾಡಿದ ಬ್ಯಾಕ್ಟೀರಿಯಾ ಎಷ್ಟು ಒರೆ ಕೊಡುತ್ತಿದೆ ಎಂಬುದನ್ನು ನೋಡಿತು, ನಂಬದೆ ಇನ್ನೊಮ್ಮೆ ನೋಡಿತು. ಕೋಣೆಗೆ ಎರಡು ಬೀಗ, ಫ್ರಿಜ್ಜಿಗೆ ಒಂದು, ಸ್ಟೀಲ್ ಡಬ್ಬಿಗೆ ಒಳಗೆ ಪ್ರವೇಶವಿಲ್ಲ. ಈ ಷರತ್ತಿನ ಮೇಲೆ ಯೋಜನೆ ಉಳಿಯಿತು. ಮಳೆಗಾಲ ಬರುವಷ್ಟರಲ್ಲಿ ಧಾರವಾಡದ ಒರೆ ಪುಟ್ಟ ಕೊಳವೆಗಳಲ್ಲಿ ದೇಶದ ಪ್ರಯೋಗಾಲಯಗಳಿಗೆ ಹೊರಟಿತು. ಅದರ ಮೇಲೆ ಅಚ್ಚಾಗಿದ್ದದ್ದು ಇಷ್ಟೇ: ಮಾನವ ಮೂಲದ ಪ್ರೋಟೀನು, ಪ್ರಯೋಗಾಲಯದ ಬಳಕೆಗೆ ಮಾತ್ರ, ತಿನ್ನತಕ್ಕದ್ದಲ್ಲ. ಮೊದಲ ಖಾಲಿ ಕೊಳವೆಯನ್ನು ಇಂದುಮತಿ ಮನೆಗೆ ತಂದು ತೋರಿಸಿದಾಗ ನೀಲವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, ತಿನ್ನೂದಲ್ಲ ಅಂತ ಮೊದಲ ಬರಿಯೂದಲ್ಲೇನು ಎಂದಳು.

ಮೊಸರಿನ ಮೂಲಪೀಠ ಈಗ ರಸ್ತೆ ದಾಟಿ ಎದುರುಮನೆಗೆ ಹೋಗಿದೆ. ಹುಬ್ಬಳ್ಳಿಯ ಹೆಪ್ಪು ಜುಲೇಖಾಳದು. ಅವಳ ಕಬಾಬು ಮತ್ತೆ ತುಟಿಯಲ್ಲೇ ಕರಗುತ್ತದೆ. ಒಂದು ಶುಕ್ರವಾರ ಸಂಜೆ ನೀಲವ್ವ, ಹಾಲು ಕಾಯಿಸಿಟ್ಟು, ಎರಡು ಸಲ ಹೊಸ್ತಿಲವರೆಗೆ ಹೋಗಿ ತಿರುಗಿ ಬಂದು, ಮೂರನೆಯ ಸಲ ವಾಟಗ ಹಿಡಿದು ರಸ್ತೆ ದಾಟಿದಳು. ಕಟ್ಟೆಯ ಮೇಲೆ ಆಗಲೇ ಒಬ್ಬರು ಬೆಳ್ಳಿ ಬಟ್ಟಲು ಹಿಡಿದು ನಿಂತಿದ್ದರು. ಸೆರಗಿನಲ್ಲಿ ಮುಚ್ಚಿಕೊಂಡಿರಲಿಲ್ಲ. ಕೃಷ್ಣಾಬಾಯಿ ಸರಿದು ನೀಲವ್ವನಿಗೆ ಜಾಗ ಕೊಟ್ಟರು. ಇಬ್ಬರೂ ಮುಂಬಾಗಿಲಲ್ಲಿ ನಿಂತು, ದೀಪ ಹಚ್ಚುವ ಹೊತ್ತಾಯಿತು, ಲಗೂನ ಬಾ ಎಂದು ಜುಲೇಖಾಳನ್ನು ಕೂಗಿದರು.